ಸಾಲ ಮತ್ತು ಋಣ: 'ರೆಡ್ ಡೆಡ್ ರಿಡೆಂಪ್ಷನ್ 2' ಆಟದ ಎರಡು ಲೆಕ್ಕಗಳು

ಕ್ಲಿಂಟ್ ಹಾಕಿಂಗ್ 2007ರಲ್ಲಿ 'ಬಯೋಶಾಕ್' ಎಂಬ ವಿಡಿಯೊ ಆಟವನ್ನು ವಿಮರ್ಶಿಸುತ್ತ 'ಲುಡೋನರೇಟಿವ್ ಡಿಸೊನೆನ್ಸ್' ಎಂಬ ಪರಿಭಾಷೆಯನ್ನು ಬಳಕೆಗೆ ತಂದರು. ಅದನ್ನು ಇಲ್ಲಿ 'ಆಟ-ಕಥೆಗಳ ಅಪಶ್ರುತಿ' ಎಂದು ಕರೆಯುತ್ತೇನೆ. ಆ ಆಟದ ನಿಯಮಗಳು ಸ್ವಾರ್ಥದ ದಾರಿಯನ್ನೂ ದಯೆಯ ದಾರಿಯನ್ನೂ ಆಟಗಾರನ ಮುಂದಿಡುತ್ತವೆ. ಕಥೆಯಾದರೋ ಆಯ್ಕೆಯನ್ನೇ ಕೊಡದೆ ಮತ್ತೊಬ್ಬನಿಗೆ ನೆರವಾಗಲು ಅವನನ್ನು ಕಟ್ಟಿಹಾಕುತ್ತದೆ. ಹೀಗೆ ನಿಯಮ ಹೇಳುವುದನ್ನು ಕಥೆ ಅಲ್ಲಗಳೆಯುತ್ತದೆ ಎಂಬುದು ಹಾಕಿಂಗ್ ಅವರ ದೂರು. ಬಯೋಶಾಕ್ ಮಟ್ಟಿಗೆ ಈ ದೂರು ಬಲವಾದದ್ದೇ. ಆದರೆ ಅನಂತರದ ವಿಮರ್ಶೆಯಲ್ಲಿ ಅದು ಸಿದ್ಧ ಅಳತೆಗೋಲಾಯಿತು. ನಿಯಮಕ್ಕೂ ಕಥೆಗೂ ಎಲ್ಲಿ ಬಿರುಕು ಕಂಡರೂ ಅದು ದೋಷವೆಂದು ಬರೆದು ಮುಂದೆ ಹೋಗುವುದು ರೂಢಿಯಾಯಿತು. ಈ ರೂಢಿಯನ್ನು ಒಂದು ಆಟದ ಒಂದು ಪ್ರಸಂಗದ ಆಧಾರದಿಂದ ಪ್ರಶ್ನಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಎಸ್ಪೆನ್ ಆರ್ಸೆತ್ ತಮ್ಮ 'ಸೈಬರ್‌ಟೆಕ್ಸ್ಟ್' (1997) ಕೃತಿಯಲ್ಲಿ, ಓದುಗ ದುಡಿದು ದಾರಿ ಮಾಡಿಕೊಳ್ಳಬೇಕಾದ ಪಠ್ಯಗಳನ್ನು ಪ್ರತ್ಯೇಕವಾಗಿ ಗುರುತಿಸಿದರು. ಯೆಸ್ಪರ್ ಯೂಲ್ 'ಹಾಫ್-ರಿಯಲ್' (2005) ಕೃತಿಯಲ್ಲಿ, ಕೆಲವೇ ನಿಯಮಗಳಿಂದ ಹಲವು ಸಾಧ್ಯತೆ ಹುಟ್ಟಿಸುವ ಆಟಗಳನ್ನೂ ಮೊದಲೇ ಹಾಸಿಟ್ಟ ಹಾದಿಯಲ್ಲಿ ನಡೆಸುವ ಆಟಗಳನ್ನೂ ಬೇರ್ಪಡಿಸಿದರು. ನಿಯಮಗಳೇ ವಾದ ಹೂಡಬಲ್ಲವೆಂದು ಇಯಾನ್ ಬೊಗೋಸ್ಟ್ 2007ರಲ್ಲಿ ತೋರಿಸಿದರು. ಅರ್ಥವೆಲ್ಲ ನಿಯಮದಲ್ಲೇ ಇರುವುದಿಲ್ಲ, ಆಡುವವನು ಆಡುವ ಬಗೆಯಲ್ಲೂ ಹುಟ್ಟುತ್ತದೆ ಎಂದು ಮಿಗೆಲ್ ಸಿಕಾರ್ಟ್ 2011ರಲ್ಲಿ ಎದುರುವಾದ ಮಂಡಿಸಿದರು. ಈ ನಾಲ್ವರಲ್ಲಿ ನನ್ನ ವಾದ ಹೆಚ್ಚು ನೆಚ್ಚಿಕೊಂಡಿರುವುದು ಸಿಕಾರ್ಟ್ ಅವರನ್ನು.

ಆಟದ ಗುಣ, ಆಟದ ದೋಷ

ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯ 'ರೆಡ್ ಡೆಡ್ ರಿಡೆಂಪ್ಷನ್ 2' ಬಿಡುಗಡೆಯಾದದ್ದು 2018ರ ಅಕ್ಟೋಬರ್ 26ರಂದು. ಇದು 2010ರ 'ರೆಡ್ ಡೆಡ್ ರಿಡೆಂಪ್ಷನ್' ಆಟಕ್ಕಿಂತ ಹಿಂದಿನ ಕಾಲದ ಕಥೆ. ಅಮೆರಿಕದ ಐದು ಕಲ್ಪಿತ ಪ್ರಾಂತಗಳಲ್ಲಿ, 1899ರಲ್ಲಿ, ಡಚ್ ವ್ಯಾನ್ ಡರ್ ಲಿಂಡ್ ಎಂಬವನ ದರೋಡೆಕೋರ ತಂಡ ಕುಸಿಯುತ್ತಿದೆ. ಆ ತಂಡದ ಹಳೆಯ ಆಳು ಆರ್ಥರ್ ಮಾರ್ಗನ್ ಆಗಿ ನಾವು ಆಡುತ್ತೇವೆ.

ಈ ಲೋಕದ ದೊಡ್ಡ ಗುಣ ಅದರ ನಿಧಾನ. ಕುದುರೆಯ ಮೈ ಉಜ್ಜಬೇಕು, ಮೇವು ಕೊಡಬೇಕು, ಹೆದರಿದಾಗ ಕತ್ತು ಸವರಿ ಸಮಾಧಾನ ಮಾಡಬೇಕು. ಒಡನಾಟ ಬೆಳೆದಂತೆ ಕುದುರೆ ಹೆಚ್ಚು ಮಾತು ಕೇಳುತ್ತದೆ. ಆರ್ಥರನ ಗಡ್ಡ ಬೆಳೆಯುತ್ತದೆ, ಕೋವಿಗೆ ಕೊಳೆ ಹಿಡಿಯುತ್ತದೆ. ಅವನ ದಿನಚರಿಯ ಪುಸ್ತಕದಲ್ಲಿ ಕಂಡ ಹಕ್ಕಿ, ಕಂಡ ಗುಡ್ಡಗಳ ಪೆನ್ಸಿಲ್ ಚಿತ್ರಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಇವುಗಳಲ್ಲಿ ಹಲವು ಆಟ ಗೆಲ್ಲಲು ಬೇಕೇ ಬೇಕಾದವಲ್ಲ. ಆದರೂ ಆ ಮನುಷ್ಯನ ಜೊತೆ ಕಾಲ ಕಳೆದಿದ್ದೇವೆ ಎಂಬ ಭಾವವನ್ನು ಕಟ್ಟುವುದು ಇವೇ.

ದೋಷಗಳೂ ಅಷ್ಟೇ ಎದ್ದುಕಾಣುತ್ತವೆ. ಮೂರನ್ನು ಹೇಳಿದರೆ ಸಾಕು. ಮೊದಲನೆಯದು ಮಿಷನ್‌ಗಳ ಬಿಗಿ. ಬೆಟ್ಟ-ಕಣಿವೆಗಳಲ್ಲಿ ಮನಬಂದಂತೆ ಅಲೆಯಲು ಬಿಡುವ ಆಟ, ಕಥೆಯ ಕಂತು ಶುರುವಾದೊಡನೆ ಗೆರೆ ಎಳೆಯುತ್ತದೆ. ಗುಂಪನ್ನು ಬಿಟ್ಟು ಸ್ವಲ್ಪ ದೂರ ಹೋದರೂ ಮಿಷನ್ ವಿಫಲ. ಎರಡನೆಯದು ಗುಂಡಿಗಳ ಗೊಂದಲ. ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ದಾರಿಹೋಕನನ್ನು ಮಾತಾಡಿಸಲು ಅವನತ್ತ ಗಮನ ನೆಡುವ ಎಲ್2 ಗುಂಡಿಯೇ, ಕೈಯಲ್ಲಿ ಆಯುಧವಿದ್ದರೆ, ಗುರಿ ಹಿಡಿಯುವ ಗುಂಡಿಯೂ ಹೌದು. ನಮಸ್ಕಾರ ಹೇಳಹೊರಟವನು ಎದೆಗೆ ಪಿಸ್ತೂಲು ಹಿಡಿದಂತಾಗಿ ಬೀದಿಯೆಲ್ಲ ಗದ್ದಲವಾಗುತ್ತದೆ. ಮೂರನೆಯದು ಹಣ. ಶಿಬಿರದ ಪೆಟ್ಟಿಗೆಗೆ ಆಟಗಾರ ಎಷ್ಟು ಡಾಲರ್ ಹಾಕಿದರೂ, ಇನ್ನೂ ಹಣ ಬೇಕು, ಇನ್ನೊಂದೇ ದರೋಡೆ ಎಂಬ ಡಚ್‌ನ ಪಲ್ಲವಿ ಬದಲಾಗುವುದಿಲ್ಲ. ಹಾಕಿಂಗ್ ಹೇಳಿದ ಅಪಶ್ರುತಿಗೆ ಈ ಮೂರನೆಯದು ನೇರ ಉದಾಹರಣೆ. ಡಚ್‌ನ ಅತೃಪ್ತಿಯೇ ಕಥೆಯ ವಸ್ತು ಎಂದು ಸಮರ್ಥಿಸಲು ಬಂದೀತು. ಆದರೆ ತುಂಬಿದ ಪೆಟ್ಟಿಗೆಯನ್ನು ಕಥೆ ಗಮನಿಸಿದ ಗುರುತೇ ಇಲ್ಲದಿರುವಾಗ ಆ ಸಮರ್ಥನೆಗೆ ಆಧಾರ ಸಾಲದು.

ಬೇಲಿಯ ಬಳಿಯ ಪ್ರಸಂಗ

ಇದೇ ಪಟ್ಟಿಗೆ ನಾಲ್ಕನೆಯದಾಗಿ ಇನ್ನೊಂದು ಪ್ರಸಂಗವನ್ನು ಸೇರಿಸುವವರಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿ.

ಎರಡನೆಯ ಅಧ್ಯಾಯದಲ್ಲಿ ತಂಡದ ಲೇವಾದೇವಿಗಾರ ಲಿಯೋಪೋಲ್ಡ್ ಸ್ಟ್ರಾಸ್, ಸಾಲ ವಸೂಲಿಗೆ ಆರ್ಥರನನ್ನು ಕಳಿಸುತ್ತಾನೆ. ಸಾಲಗಾರರಲ್ಲಿ ಒಬ್ಬ ಥಾಮಸ್ ಡೌನ್ಸ್. ಅವನನ್ನು ಆಟಗಾರ ಅದಕ್ಕೂ ಮೊದಲೇ ವ್ಯಾಲೆಂಟೈನ್ ಊರಿನಲ್ಲಿ ಕಂಡಿರುತ್ತಾನೆ. ಕೆಸರಿನ ಬೀದಿಯ ಜಗಳದಲ್ಲಿ ಆರ್ಥರ್ ಒಬ್ಬನನ್ನು ಸಾಯಬಡಿಯುತ್ತಿದ್ದಾಗ, ಸಾಕು ಬಿಡು ಎಂದು ಅಂಗಲಾಚಿದವನು ಈ ಬಡಕಲು ಮನುಷ್ಯನೇ. ಈಗ ಅವನು ತನ್ನ ಮನೆಯ ಬೇಲಿಯ ಬಳಿ ಕೆಲಸ ಮಾಡುತ್ತಿದ್ದಾನೆ. ಆರ್ಥರ್ ಹೊಡೆಯುತ್ತಾನೆ. ಡೌನ್ಸ್ ಕೆಮ್ಮುತ್ತಾನೆ, ರಕ್ತ ಆರ್ಥರನ ಮುಖಕ್ಕೆ ಸಿಡಿಯುತ್ತದೆ. ಹೆಂಡತಿ ಎಡಿತ್, ಮಗ ಆರ್ಚಿ ಓಡಿಬರುತ್ತಾರೆ. ಅನಂತರ ಡೌನ್ಸ್ ಸಾಯುತ್ತಾನೆ, ಆದರೆ ಅವನ ರೋಗ ಆರ್ಥರನಿಗೆ ಅಂಟಿರುತ್ತದೆ. ಎಷ್ಟೋ ಗಂಟೆಗಳ ಆಟದ ಬಳಿಕ ಸೇಂಟ್ ಡೆನಿಸ್ ನಗರದ ಬೀದಿಯಲ್ಲಿ ಆರ್ಥರ್ ಕುಸಿದು ಬೀಳುತ್ತಾನೆ. ವೈದ್ಯರು ಕ್ಷಯವೆಂದು ಹೇಳಿ, ಬಿಸಿಲಿರುವ ಒಣ ಪ್ರದೇಶಕ್ಕೆ ಹೋಗಿ ವಿಶ್ರಮಿಸಲು ಸಲಹೆ ಕೊಡುತ್ತಾರೆ. ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು 1882ರಲ್ಲೇ ತೋರಿಸಿದ್ದರೂ, ಅದನ್ನು ಕೊಲ್ಲುವ ಸ್ಟ್ರೆಪ್ಟೋಮೈಸಿನ್ ಬಂದದ್ದು 1940ರ ದಶಕದಲ್ಲಿ. ಹಾಗಾಗಿ 1899ರಲ್ಲಿ ಆ ಸಲಹೆಗಿಂತ ಹೆಚ್ಚಿನದು ವೈದ್ಯರ ಕೈಯಲ್ಲಿ ಇರಲಿಲ್ಲ.

ಆ ಹೊಡೆತವನ್ನು ತಪ್ಪಿಸಿ ಕಥೆಯನ್ನು ಮುಂದುವರಿಸುವ ದಾರಿ ಇಲ್ಲ. ಆಕ್ಷೇಪ ಹುಟ್ಟುವುದು ಇಲ್ಲಿಯೇ. ಈ ಆಟದಲ್ಲಿ 'ಆನರ್' ಎಂಬ ಮರ್ಯಾದೆಯ ಲೆಕ್ಕವಿದೆ. ದಾರಿಹೋಕರಿಗೆ ಶುಭಾಶಯ ಹೇಳಿದರೆ, ಹಿಡಿದ ಮೀನನ್ನು ನೀರಿಗೆ ಬಿಟ್ಟರೆ, ಶಿಬಿರದ ಕೆಲಸ ಮಾಡಿದರೆ ಪರದೆಯ ಪಟ್ಟಿಯ ಮೇಲಿನ ಗುರುತು ಬಲಕ್ಕೆ ಸರಿಯುತ್ತದೆ. ಅಮಾಯಕರನ್ನು ಕೊಂದರೆ, ದೋಚಿದರೆ ಎಡಕ್ಕೆ ಜಾರುತ್ತದೆ. ನಡತೆಯ ಹೊಣೆ ಆಟಗಾರನದೆಂದು ಹೆಜ್ಜೆಹೆಜ್ಜೆಗೂ ನೆನಪಿಸುವ ಆಟ, ನಾಯಕನ ಸಾವನ್ನೇ ನಿರ್ಧರಿಸುವ ಕೃತ್ಯವನ್ನು ಆಟಗಾರನನ್ನು ಕೇಳದೆ ಮಾಡಿಸಬಹುದೆ? ಹಾಕಿಂಗ್ ಅವರ ಅಳತೆಗೋಲಿನಲ್ಲಿ ಇದು ಬಯೋಶಾಕ್‌ನದೇ ತಪ್ಪು.

ನನ್ನ ಉತ್ತರ ಬೇರೆ. ಅದಕ್ಕೆ ಕನ್ನಡದ ಎರಡು ಪದಗಳ ನೆರವು ಪಡೆಯುತ್ತೇನೆ. ಸಾಲ ಬೇರೆ, ಋಣ ಬೇರೆ. ಸಾಲಕ್ಕೆ ಮೊತ್ತವಿದೆ, ಬಡ್ಡಿಯಿದೆ, ತೀರಿಸಿ ಪತ್ರ ಹರಿದುಹಾಕುವ ದಿನವಿದೆ. ಋಣಕ್ಕೆ ಮೊತ್ತವಿಲ್ಲ. ತಾಯಿಯ ಋಣ, ಅನ್ನದ ಋಣ ಎನ್ನುವಾಗ ಅದು ತೀರದೆಂಬುದನ್ನು ಒಪ್ಪಿಕೊಂಡೇ ಮಾತಾಡುತ್ತೇವೆ. ಈ ಆಟದ ಆನರ್ ಸಾಲದ ಲೆಕ್ಕ. ಒಂದು ಕೊಲೆಯನ್ನು ಇಷ್ಟು ಶುಭಾಶಯ, ಇಷ್ಟು ಮೀನುಗಳಿಂದ ಸರಿದೂಗಿಸಬಹುದು. ಖಾತೆ ಚೆನ್ನಾಗಿದ್ದರೆ ಅಂಗಡಿಗಳಲ್ಲಿ ರಿಯಾಯಿತಿಯೂ ಸಿಗುತ್ತದೆ. ಡೌನ್ಸ್ ಪ್ರಸಂಗದಿಂದ ಬರುವ ರೋಗ ಋಣದ ಲೆಕ್ಕ. ಅದಕ್ಕೆ ಪರದೆಯ ಮೇಲೆ ಪಟ್ಟಿಯಿಲ್ಲ, ಯಾವ ಸತ್ಕಾರ್ಯವೂ ಅದನ್ನು ಇಳಿಸದು. ಆಟದ ಹೆಸರಿನಲ್ಲಿರುವ 'ರಿಡೆಂಪ್ಷನ್' ಎಂಬ ಇಂಗ್ಲಿಷ್ ಪದಕ್ಕೆ ಪಾಪವಿಮೋಚನೆ ಎಂಬ ಅರ್ಥದ ಜೊತೆಗೆ, ಅಡವಿಟ್ಟದ್ದನ್ನು ಹಣ ಕಟ್ಟಿ ಬಿಡಿಸಿಕೊಳ್ಳುವುದು ಎಂಬ ಅರ್ಥವೂ ಇದೆ. ಬಿಡಿಸಿಕೊಳ್ಳಬಹುದಾದದ್ದು ಯಾವುದು, ಬಿಡಿಸಿಕೊಳ್ಳಲಾಗದ್ದು ಯಾವುದು ಎಂಬ ಪ್ರಶ್ನೆಯನ್ನು ಆಟ ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ಇಟ್ಟಿದೆ. ಆದ್ದರಿಂದ ಇಲ್ಲಿ ಕಾಣುವ ಬಿರುಕು ಅಪಶ್ರುತಿಯಲ್ಲ; ಕೃತಿಯ ಅರ್ಥ ಇರುವುದೇ ಆ ಬಿರುಕಿನಲ್ಲಿ.

ಆಟದೊಳಗೇ ಇದಕ್ಕೆ ಎರಡು ಪುರಾವೆಗಳಿವೆ. ಒಂದು, ಅಂತ್ಯಗಳು. ಆನರ್ ಎಷ್ಟಿದೆ, ಆರ್ಥರ್ ತಂಡದ ಸಂಗಾತಿ ಜಾನ್ ಮಾರ್ಸ್ಟನ್‌ಗೆ ನೆರವಾಗಿ ನಿಂತನೆ ಅಥವಾ ಹಣಕ್ಕಾಗಿ ಹಿಂದಿರುಗಿದನೆ ಎಂಬುದರ ಮೇಲೆ ಅಂತ್ಯ ನಾಲ್ಕು ಬಗೆಯಾಗುತ್ತದೆ. ನಾಲ್ಕರಲ್ಲೂ ಆರ್ಥರ್ ಸಾಯುತ್ತಾನೆ. ಮರ್ಯಾದೆಯ ಲೆಕ್ಕ ಸಾವಿನ ರೀತಿಯನ್ನು ಬದಲಿಸುತ್ತದೆ, ಸಾವನ್ನಲ್ಲ. ಎರಡು, ಆರನೆಯ ಅಧ್ಯಾಯದ ಒಂದು ಕಂತು. ಅದರ ಶೀರ್ಷಿಕೆಗೆ ಕ್ಷಮೆಯನ್ನು ಅರಸಬೇಡ ಎಂಬ ಅರ್ಥವಿದೆ. ಅದನ್ನು ಆಡದೆ ಬಿಟ್ಟರೂ ಕಥೆ ಮುಗಿಯುತ್ತದೆ. ದಿಕ್ಕೆಟ್ಟ ಎಡಿತ್ ಮತ್ತು ಆರ್ಚಿಯನ್ನು ಆರ್ಥರ್ ಗಣಿಯ ಊರಾದ ಆನ್ಸ್‌ಬರ್ಗ್‌ನಲ್ಲಿ ಹುಡುಕಿ ಹಣ ಕೊಡುತ್ತಾನೆ. ಅವರ ಬದುಕಿಗೆ ದಾರಿಯಾಗುತ್ತದೆ, ಅವನ ಕೆಮ್ಮು ನಿಲ್ಲುವುದಿಲ್ಲ. ಅಪರಾಧ ಕಡ್ಡಾಯ, ಪರಿಹಾರ ಐಚ್ಛಿಕ. ಆಯ್ಕೆಯನ್ನು ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು ಎಂಬ ಈ ಹಂಚಿಕೆ ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಮೂರನೆಯ ಪುರಾವೆ ಆಟಗಾರರ ರೂಢಿಯಿಂದ ಬಂದದ್ದು. ಕಥೆ ತಿಳಿದ ಎಷ್ಟೋ ಆಟಗಾರರು ಮರಳಿ ಆಡುವಾಗ ಡೌನ್ಸ್ ಬಳಿಗೆ ಹೋಗುವುದೇ ಇಲ್ಲ. ಸ್ಟ್ರಾಸ್‌ನ ಹಳದಿ ಗುರುತನ್ನು ನಕ್ಷೆಯ ಮೇಲೆ ಹಾಗೆಯೇ ಬಿಟ್ಟು, ಎರಡನೆಯ ಅಧ್ಯಾಯದಲ್ಲೇ ಉಳಿದು, ಬೇಟೆಯಾಡುತ್ತ, ಮೀನು ಹಿಡಿಯುತ್ತ ಗಂಟೆಗಟ್ಟಲೆ ಅಲೆಯುತ್ತಾರೆ. ಅಲ್ಲಿಯವರೆಗೆ ಆರ್ಥರ್ ಆರೋಗ್ಯವಂತ. ಮುಕ್ತಲೋಕ ಕೊಡುವ ನಿಜವಾದ ಸ್ವಾತಂತ್ರ್ಯ ಇಲ್ಲಿ ಬಯಲಾಗುತ್ತದೆ. ಕೃತ್ಯವನ್ನು ನಿರಾಕರಿಸಲಾಗದು, ಮುಂದೂಡಬಹುದು. ಮುಂದೂಡಿದಷ್ಟು ಕಾಲ ಕಥೆಯೂ ನಿಂತಿರುತ್ತದೆ. ಅಪಶ್ರುತಿ ಆಟವನ್ನು ಕೆಡಿಸಿತ್ತೆಂದಾದರೆ ಆ ಆಟಗಾರರು ಆರ್ಥರನ ಬಗ್ಗೆ ನಿರ್ಲಿಪ್ತರಾಗಬೇಕಿತ್ತು. ಅವರು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ: ಒಬ್ಬ ಕಾಲ್ಪನಿಕ ಮನುಷ್ಯನನ್ನು ಒಂದು ಬೇಲಿಯಿಂದ ದೂರವಿಟ್ಟು ಕಾಪಾಡುತ್ತಿದ್ದಾರೆ.

ಮಿತಿಗಳು

ಈ ವಾದವನ್ನು ಅದರ ಬಲಕ್ಕಿಂತ ಹೆಚ್ಚು ಎಳೆಯಬಾರದು. ಸಾಲ ಮತ್ತು ಋಣ ನಾನು ತಂದ ಪದಗಳು. ಆಟ ಕಟ್ಟಿದವರ ಉದ್ದೇಶ ಇದೇ ಆಗಿತ್ತೆಂಬುದು ನನ್ನ ಹೇಳಿಕೆಯಲ್ಲ. ಕ್ಷಯ ಗಾಳಿಯಲ್ಲಿ ಹರಡುವ, ದೇಹದಲ್ಲಿ ದೀರ್ಘಕಾಲ ಅಡಗಿಯೂ ಇರಬಲ್ಲ ರೋಗ. ಒಂದು ಹೊಡೆತಕ್ಕೆ ಒಂದು ಸಾವು ಎಂಬ ನೇರ ನಂಟು ಕಥೆ ಕಟ್ಟಿದ್ದು, ವೈದ್ಯಶಾಸ್ತ್ರ ಕಟ್ಟಿದ್ದಲ್ಲ. ಮುಂದೂಡುವ ಆಟಗಾರರಲ್ಲಿ ಎಲ್ಲರೂ ಮಮತೆಯಿಂದಲೇ ಹಾಗೆ ಮಾಡುತ್ತಾರೆನ್ನಲಾಗದು. ಆರಾಮಾಗಿ ಅಲೆಯುವುದಷ್ಟೇ ಕೆಲವರ ಬಯಕೆ ಇರಬಹುದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ರೋಗ ಆರ್ಥರನ ಮುಖ, ದನಿ, ಕಣ್ಣುಗಳಲ್ಲಿ ಕಾಣುತ್ತದೆ, ಆದರೆ ಕೈಗೆ ಅಷ್ಟಾಗಿ ತಾಗುವುದಿಲ್ಲ. ಉಸಿರಿಗೆ ಪರದಾಡುವ ಮನುಷ್ಯ ಮರುಗಳಿಗೆಯಲ್ಲೇ ಕಾಲವನ್ನು ನಿಧಾನಗೊಳಿಸುವ 'ಡೆಡ್ ಐ' ಬಲದಿಂದ ಹತ್ತಾರು ಜನರನ್ನು ಗುರಿತಪ್ಪದೆ ಉರುಳಿಸುತ್ತಾನೆ. ಋಣ ದೇಹದ ಮೇಲೆ ಬರೆದ ಲೆಕ್ಕವೆನ್ನುವುದಾದರೆ ಆ ದೇಹವನ್ನು ನಡೆಸುವ ಬೆರಳುಗಳಿಗೂ ಅದರ ಭಾರ ತಿಳಿಯಬೇಕಿತ್ತು. ಇಲ್ಲಿ ಹಾಕಿಂಗ್ ಅವರ ಮಾತೇ ನಿಲ್ಲುತ್ತದೆ, ನನ್ನದಲ್ಲ.

ಹೀಗಾಗಿ ಅಪಶ್ರುತಿಯ ಕಲ್ಪನೆಯನ್ನು ಕೈಬಿಡಬೇಕೆಂಬುದು ಈ ಲೇಖನದ ನಿಲುವಲ್ಲ. ಅದನ್ನು ತೀರ್ಪಾಗಿ ಬಳಸದೆ ವಿಚಾರಣೆಯ ಆರಂಭವಾಗಿ ಬಳಸಬೇಕು ಎಂಬುದಷ್ಟೇ. ಶಿಬಿರದ ಪೆಟ್ಟಿಗೆಯ ಮುಂದೆ ಕಥೆ ಕುರುಡಾಗಿದೆ, ಡೌನ್ಸ್‌ನ ಬೇಲಿಯ ಬಳಿ ಕಣ್ಣು ತೆರೆದಿದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಉಳಿದಿರುವ ಪ್ರಶ್ನೆ, ಕಥೆ ತಿಳಿಯದೆ ಮೊದಲ ಸಲ ಆಡುವವರದು. ಅವರಿಗೆ ಆ ಹೊಡೆತ ಹಲವು ವಸೂಲಿಗಳಲ್ಲಿ ಒಂದು ಅಷ್ಟೇ. ಋಣದ ಅರ್ಥ ಅವರಿಗೆ ಹೊಡೆತ ಬಿದ್ದ ಗಳಿಗೆಯಲ್ಲಿ ತಿಳಿಯದೆ, ಸೇಂಟ್ ಡೆನಿಸ್‌ನ ವೈದ್ಯರ ಕೋಣೆಯಿಂದ ಹಿಂದಿರುಗಿ ನೋಡಿದಾಗ ಮಾತ್ರ ತಿಳಿಯುತ್ತದೆ. ತಡವಾಗಿ ತಿಳಿದ ಹೊಣೆಯನ್ನು ಆಟಗಾರನ ಹೊಣೆ ಎನ್ನಬಹುದೆ, ಅಥವಾ ಅದು ಪ್ರೇಕ್ಷಕನ ಮರುಕವಷ್ಟೆಯೆ? ಮೊದಲ ಸಲ ಆಡುವವರನ್ನೂ ಮರಳಿ ಆಡುವವರನ್ನೂ ಅಕ್ಕಪಕ್ಕ ಕೂರಿಸಿ ಗಮನಿಸದ ಹೊರತು ಇದಕ್ಕೆ ಉತ್ತರ ಸಿಗದು.