ಆನೆಗೊಂದು ರೇಟು, ಅಂಕುಶಕ್ಕೊಂದು ರೇಟು

‘ಆನೆ ಕೊಟ್ಟವನು ಅಂಕುಶ ಕೊಡಲಾರನೆ?’ ಅಂತ ನಮ್ಮ ಹಿರಿಯರು ಗಾದೆ ಮಾಡಿದ್ರು. ಕಂಪ್ಯೂಟರ್ ಅಂಗಡಿಗೆ ಹೋಗಿದ್ರೆ ಅವರು ಈ ಗಾದೆಯನ್ನೇ ವಾಪಸ್ ತಗೋತಿದ್ರು. ಅಲ್ಲಿ ಆನೆ ಅಗ್ಗ. ಅಂಕುಶದ ರೇಟು ಕೇಳಿದ್ರೆ ತಲೆ ತಿರುಗುತ್ತೆ.

ಲೆಕ್ಕ ನೋಡಿ. 2024ರ ಅಕ್ಟೋಬರ್ ಕೊನೆಯಲ್ಲಿ ಆ್ಯಪಲ್ ಕಂಪನಿ ಎಂ4 ಚಿಪ್ ಇರೋ ಮ್ಯಾಕ್ ಮಿನಿ ಅನ್ನೋ ಪುಟ್ಟ ಡೆಸ್ಕ್‌ಟಾಪ್ ಬಿಟ್ಟಿತು. ಭಾರತದಲ್ಲಿ ಆರಂಭದ ಬೆಲೆ 59,900 ರೂಪಾಯಿ. 16 ಜಿಬಿ ಮೆಮೊರಿ, 256 ಜಿಬಿ ಸ್ಟೋರೇಜ್. ಮೆಮೊರಿ ಅಂದ್ರೆ ಕೆಲಸ ಮಾಡೋ ಮೇಜು, ಸ್ಟೋರೇಜ್ ಅಂದ್ರೆ ಸಾಮಾನು ಇಡೋ ಬೀರು ಅಂದ್ಕೊಳ್ಳಿ. ಬೀರು ಚಿಕ್ಕದಾಯ್ತು, 512 ಜಿಬಿ ಕೊಡಿ ಅಂದ್ರೆ 79,900. ಮೇಜೂ ಸ್ವಲ್ಪ ದೊಡ್ಡದಿರಲಿ, 24 ಜಿಬಿ ಮಾಡಿ ಅಂದ್ರೆ 99,900. ಎರಡೇ ಎರಡು ಕ್ಲಿಕ್, ನಲವತ್ತು ಸಾವಿರ ರೂಪಾಯಿ! ಪ್ರೊಸೆಸರ್, ಡಬ್ಬಿ, ಪವರ್ ಸಪ್ಲೈ, ಸಾಫ್ಟ್‌ವೇರ್ ಎಲ್ಲಾ ಸೇರಿದ ಇಡೀ ಯಂತ್ರಕ್ಕೆ ಅರವತ್ತು ಸಾವಿರ. ಮೇಲಿನ ಒಂದು ಹಿಡಿ ಚಿಪ್‌ಗೆ ನಲವತ್ತು.

ಇದೇನು ಇವತ್ತಿನ ಕಥೆಯಾ? ಒಂದೇ ಕಂಪನಿಯ ದುರಾಸೆಯಾ? ಅಲ್ಲ. ಇದಕ್ಕೆ ಸುಮಾರು ತೊಂಬತ್ತು ವರ್ಷದ ಇತಿಹಾಸ ಇದೆ. ಆ ಇತಿಹಾಸ ಓದಿದಾಗ ನನಗೆ ಕಂಡಿದ್ದು ಒಂದೇ ಸತ್ಯ: ನೀವು ದುಡ್ಡು ಕೊಡ್ತಿರೋದು ಚಿಪ್ಪಿಗಲ್ಲ, ಬಾಗಿಲು ಮುಚ್ಚಿದ್ದಕ್ಕೆ. ಬೇರೆ ಅಂಗಡಿಗೆ ಹೋಗೋ ದಾರಿ ಇದ್ದಾಗಲೆಲ್ಲ ರೇಟು ಇಳಿದಿದೆ. ದಾರಿ ಮುಚ್ಚಿದಾಗ ಏರಿದೆ.

ಶುರು ಮಾಡೋಣ, ಅಮೆರಿಕದಿಂದ. ಈಗಿನ ಅರ್ಥದ ಕಂಪ್ಯೂಟರ್ ಹುಟ್ಟೋಕೂ ಮೊದಲಿನ ಕಾಲ. ಐಬಿಎಂ ಕಂಪನಿ ಲೆಕ್ಕ ಹಾಕೋ ಯಂತ್ರಗಳನ್ನು ಆಫೀಸುಗಳಿಗೆ ಬಾಡಿಗೆಗೆ ಕೊಡ್ತಿತ್ತು. ಆ ಯಂತ್ರಕ್ಕೆ ಮೇವು ಅಂದ್ರೆ ತೂತು ಹೊಡೆದ ರಟ್ಟಿನ ಕಾರ್ಡ್‌ಗಳು. ಬಾಡಿಗೆ ಕರಾರಿನಲ್ಲಿ ಒಂದು ಷರತ್ತು: ಕಾರ್ಡನ್ನೂ ನಮ್ಮ ಹತ್ರಾನೇ ತಗೋಬೇಕು. ಅಮೆರಿಕ ಸರ್ಕಾರ ಕೋರ್ಟಿಗೆ ಹೋಯ್ತು. ಕಂಪನಿಯ ವಾದ ಏನು ಗೊತ್ತಾ? ಬೇರೆಯವರ ಕಾರ್ಡ್ ಕಳಪೆ ಇದ್ರೆ ಯಂತ್ರ ಕೆಡುತ್ತೆ, ನಮ್ಮ ಹೆಸರೂ ಕೆಡುತ್ತೆ! ಆದರೆ ಅಲ್ಲೊಂದು ತಮಾಷೆ ಇತ್ತು. ಸರ್ಕಾರ ತನ್ನದೇ ಕಾರ್ಡ್ ಮುದ್ರಿಸಿಕೊಂಡು ಬಳಸಬಹುದಿತ್ತು, ಶೇಕಡಾ 15ರಷ್ಟು ಹೆಚ್ಚು ಬಾಡಿಗೆ ಕೊಟ್ರೆ. ಅಂದ್ರೆ ದುಡ್ಡು ಕೊಟ್ರೆ ಯಂತ್ರ ಕೆಡಲ್ಲ! 1936ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಕಾರ್ಡ್ ಹೇಗಿರಬೇಕು ಅಂತ ಜನಕ್ಕೆ ತಿಳಿಸಿ, ಎಚ್ಚರಿಸಿ, ಆದ್ರೆ ನಿಮ್ಮ ಹತ್ರಾನೇ ತಗೋಬೇಕು ಅಂತ ಕಟ್ಟಿಹಾಕಬೇಡಿ ಅನ್ನೋದು ಅದರ ಸಾರ.

‘ನಮ್ಮದನ್ನೇ ಹಾಕಿ, ಇಲ್ಲಾಂದ್ರೆ ಮೆಷಿನ್ ಕೆಡುತ್ತೆ.’ ಈ ಮಾತನ್ನು ಪ್ರಿಂಟರ್ ಇಂಕ್ ತಗೊಳ್ಳುವಾಗ ನೀವೂ ಕೇಳಿರ್ತೀರಿ. ಅದರ ವಯಸ್ಸು ಎಷ್ಟು ಅಂತ ಈಗ ಗೊತ್ತಾಯ್ತಲ್ಲ.

ಮುಂದೆ 1964ರಲ್ಲಿ ಐಬಿಎಂನ ಸಿಸ್ಟಂ/360, 1970ರಲ್ಲಿ ಸಿಸ್ಟಂ/370 ಬಂದವು. ಕೋಣೆ ತುಂಬುವ ಯಂತ್ರಗಳು, ಮೆಮೊರಿ ದುಬಾರಿ. ಬೇರೆ ಕಂಪನಿಗಳಿಗೆ ಅಲ್ಲೇ ಅವಕಾಶ ಕಂಡಿತು. ಐಬಿಎಂ ಯಂತ್ರಕ್ಕೆ ನೇರವಾಗಿ ಜೋಡಿಸಬಹುದಾದ ಮೆಮೊರಿ, ಟೇಪ್ ಮತ್ತು ಡಿಸ್ಕ್ ಡ್ರೈವ್‌ಗಳನ್ನು ಕಡಿಮೆ ರೇಟಿಗೆ ಮಾರೋಕೆ ಶುರು ಮಾಡಿದವು. ಐಬಿಎಂ ತನ್ನ ಬೆಲೆ, ಬಾಡಿಗೆಯ ಕರಾರು ಬದಲಾಯಿಸಬೇಕಾಗಿ ಬಂತು. ಟೆಲೆಕ್ಸ್ ಅನ್ನೋ ಕಂಪನಿ ಕೋರ್ಟಿಗೂ ಎಳೀತು. 1973ರಲ್ಲಿ ಗೆದ್ದಿತು, 1975ರಲ್ಲಿ ಮೇಲ್ಮನವಿಯಲ್ಲಿ ಆ ಗೆಲುವು ಕೈತಪ್ಪಿತು. ಕೋರ್ಟಲ್ಲಿ ಯಾರು ಗೆದ್ರೂ, ಕೊಳ್ಳುವವನ ಮುಂದೆ ಎರಡನೇ ಅಂಗಡಿ ತೆರೆದಿತ್ತು. ಅವನಿಗೆ ಬೇಕಾಗಿದ್ದೂ ಅಷ್ಟೇ.

ಆ ಉದ್ಯಮದಲ್ಲಿ ‘ಚಿನ್ನದ ಸ್ಕ್ರೂಡ್ರೈವರ್’ ಅನ್ನೋ ಮಾತೊಂದು ಚಾಲ್ತಿಯಲ್ಲಿದೆ. ಯಂತ್ರದೊಳಗೆ ಶಕ್ತಿ ಮೊದಲೇ ಇರುತ್ತೆ, ಅದಕ್ಕೆ ಬೀಗ ಹಾಕಿರ್ತಾರೆ. ಅಪ್‌ಗ್ರೇಡ್‌ಗೆ ಅಂತ ನೀವು ದೊಡ್ಡ ಮೊತ್ತ ಕಟ್ಟಿದ ಮೇಲೆ ಇಂಜಿನಿಯರ್ ಬಂದು, ಒಂದು ಸ್ಕ್ರೂ ತಿರುಗಿಸಿ ಹೋಗ್ತಾನೆ. ಆ ಸ್ಕ್ರೂಡ್ರೈವರ್ ಚಿನ್ನದ್ದಲ್ಲದೆ ಇನ್ನೇನು ಸ್ವಾಮಿ?

ಇನ್ನು ಮನೆ ಕಂಪ್ಯೂಟರ್‌ಗಳ ಕಾಲಕ್ಕೆ ಬರೋಣ. 1977ರ ಆ್ಯಪಲ್-2 ಯಂತ್ರದಲ್ಲಿ ಎಂಟು ಸ್ಲಾಟ್ ಇದ್ದವು. ಸ್ಲಾಟ್ ಅಂದ್ರೆ ಹೊಸ ಕಾರ್ಡ್ ಸಿಕ್ಕಿಸೋ ಸಂದು. ಎಂಟೂ ಇರಲೇಬೇಕು ಅಂತ ಪಟ್ಟು ಹಿಡಿದವರು ಅದನ್ನು ರೂಪಿಸಿದ ಸ್ಟೀವ್ ವೋಜ್ನಿಯಾಕ್. ಎರಡು ಸಾಕು ಅಂದವರು ಸ್ಟೀವ್ ಜಾಬ್ಸ್. ಹಾಗಂತ ವೋಜ್ನಿಯಾಕ್ ಅವರೇ ಹೇಳಿಕೊಂಡಿದ್ದಾರೆ.

1981ರ ಆಗಸ್ಟ್ 12ಕ್ಕೆ ಐಬಿಎಂ ತನ್ನ ಪಿಸಿ ತಂತು. ಅದರಲ್ಲಿ ಐದು ಸ್ಲಾಟ್. ವಿಚಿತ್ರ ನೋಡಿ, ಹಿಂದೆ ಕಾರ್ಡಿಗೂ ಕರಾರು ಹಾಕಿದ್ದ ಅದೇ ಕಂಪನಿ ಈ ಸಲ ಒಳಗಿನ ನಕ್ಷೆಯನ್ನು ಪುಸ್ತಕ ಮಾಡಿ ಮಾರಿತು. ಆಗ ಏನಾಯ್ತು? ಕ್ಯಾಲಿಫೋರ್ನಿಯಾದಲ್ಲಿ ಆಲ್ಬರ್ಟ್ ವಾಂಗ್, ಕರಾಚಿ ಮೂಲದ ಸಫಿ ಖುರೇಷಿ, ಟಾಮ್ ಯುಯೆನ್ ಅನ್ನೋ ಮೂವರು ತಮ್ಮ ಹೆಸರಿನ ಮೊದಲ ಅಕ್ಷರ ಜೋಡಿಸಿ ಎಎಸ್‌ಟಿ ಅಂತ ಕಂಪನಿ ಕಟ್ಟಿದ್ದರು. ಅವರ ಸಿಕ್ಸ್‌ಪ್ಯಾಕ್‌ಪ್ಲಸ್ ಅನ್ನೋ ಒಂದೇ ಕಾರ್ಡಲ್ಲಿ 384 ಕೆಬಿವರೆಗೆ ಮೆಮೊರಿ, ಗಡಿಯಾರ, ಪ್ರಿಂಟರ್ ಜೋಡಿಸೋ ಜಾಗ ಎಲ್ಲಾ ಸಿಕ್ತಿತ್ತು. ಐಬಿಎಂನ ಬಾಗಿಲಿಗೇ ಹೋಗಬೇಕು ಅನ್ನೋ ಕರ್ಮ ತಪ್ಪಿತು. ತೆರೆದ ಬಾಗಿಲಿನ ತಾಕತ್ತು ಅದು.

ಮೂರೇ ವರ್ಷಕ್ಕೆ ಬಾಗಿಲು ಮುಚ್ಚುವ ಕಥೆ ಶುರು. 1984ರ ಜನವರಿಯಲ್ಲಿ ಮೆಕಿಂತೋಷ್ ಬಂತು. ಬೆಲೆ 2,495 ಡಾಲರ್, ಮೆಮೊರಿ ಬರೀ 128 ಕೆಬಿ. ಸ್ಲಾಟ್ ಇಲ್ಲವೇ ಇಲ್ಲ. ಡಬ್ಬಿ ಬಿಚ್ಚೋಕೆ ಉದ್ದನೆಯ ವಿಶೇಷ ಸ್ಕ್ರೂಡ್ರೈವರ್ ಬೇಕು. ಮೆಮೊರಿ ಹೆಚ್ಚಿಸೋ ಯೋಚನೆಗೇ ಜಾಬ್ಸ್ ವಿರೋಧ. ಆದರೆ ಬೋರ್ಡ್ ರೂಪಿಸಿದ ಬರೆಲ್ ಸ್ಮಿತ್ ಜಾಣ. ಮುಂದೆ ನಾಲ್ಕು ಪಟ್ಟು ದೊಡ್ಡ ಚಿಪ್ ಬಂದ್ರೆ ಕೂರಿಸೋಕೆ ಆಗೋ ಹಾಗೆ ಗೆರೆಗಳನ್ನು ಮೊದಲೇ ಎಳೆದಿಟ್ಟಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ 512 ಕೆಬಿ ಮ್ಯಾಕ್ 3,195 ಡಾಲರಿಗೆ ಬಂತು. ಹಳೇ ಗ್ರಾಹಕರಿಗೆ ಅಪ್‌ಗ್ರೇಡ್? 995 ಡಾಲರ್. 1985ರ ಜನವರಿಯಲ್ಲಿ ಅಮೆರಿಕದ ಡಾ. ಡಾಬ್ಸ್ ಜರ್ನಲ್ ಅನ್ನೋ ಪತ್ರಿಕೆ, ಹಳೇ ಚಿಪ್ ಕಿತ್ತು ಹೊಸದನ್ನು ಬೆಸುಗೆ ಹಾಕೋದು ಹೇಗೆ ಅಂತ ಲೇಖನವನ್ನೇ ಹಾಕಿತು. ಜನ ಬೆಸುಗೆ ಕಡ್ಡಿ ಹಿಡಿದು ಕೂತ್ರು. ವಾರಂಟಿ ಹೋದ್ರೆ ಹೋಗ್ಲಿ ಅನ್ನೋಷ್ಟು ದೂರ ಆ ಬೆಲೆ ಅವರನ್ನು ತಳ್ಳಿತ್ತು.

ಇದೆಲ್ಲ ಅಮೆರಿಕದ್ದಾಯ್ತು, ನಮಗೇನು ಅಂತೀರಾ? ಬೆಂಗಳೂರಿನ ಎಸ್.ಪಿ. ರೋಡನ್ನೇ ನೋಡಿ. ಮದರ್‌ಬೋರ್ಡ್ ಒಂದು ಅಂಗಡಿ, ರ್‍ಯಾಮ್ ಪಕ್ಕದ ಅಂಗಡಿ, ಕ್ಯಾಬಿನೆಟ್ ಎದುರುಗಡೆ. ಚೌಕಾಶಿ ಮಾಡಿ ತಂದು ಜೋಡಿಸಿಕೊಂಡ ‘ಅಸೆಂಬಲ್ಡ್ ಪಿಸಿ’ಯಲ್ಲೇ ಕಂಪ್ಯೂಟರ್ ಕಲಿತ ಹುಡುಗ ಹುಡುಗಿಯರು ಈ ನಾಡಿನಲ್ಲಿ ಎಷ್ಟು ಜನ! ಐಬಿಎಂ ಪಿಸಿಯ ಬಾಗಿಲು ತೆರೆದಿರದಿದ್ರೆ ಎಸ್.ಪಿ. ರೋಡ್‌ನಲ್ಲಿ ಆ ವ್ಯಾಪಾರವೇ ಇರ್ತಿರಲಿಲ್ಲ. ಈ ವರ್ಷ 4 ಜಿಬಿ, ಬೋನಸ್ ಬಂದಾಗ ಇನ್ನೊಂದು 4 ಜಿಬಿ. ಮಧ್ಯಮ ವರ್ಗ ಮನೆ ಕಟ್ಟೋದೂ ಹೀಗೇ ಅಲ್ವಾ? ಮೊದಲು ಗ್ರೌಂಡ್ ಫ್ಲೋರ್, ಮಗಳ ಮದುವೆ ಮುಗಿದ ಮೇಲೆ ಫಸ್ಟ್ ಫ್ಲೋರ್.

ಆ ಅವಕಾಶ ಈಗ ಕಿರಿದಾಗ್ತಿದೆ. ಮ್ಯಾಕ್ ಮಿನಿಯಲ್ಲಿ 2012ರವರೆಗೆ ರ್‍ಯಾಮ್ ನಾವೇ ಬದಲಾಯಿಸಬಹುದಿತ್ತು. 2014ರಲ್ಲಿ ಬೆಸುಗೆ ಹಾಕಿಬಿಟ್ರು. 2018ರಲ್ಲಿ ಸಾಕೆಟ್ ವಾಪಸ್ ಬಂತು. 2020ರಲ್ಲಿ ಎಂ1 ಬಂದಾಗ ಮೆಮೊರಿ ಪ್ರೊಸೆಸರ್ ಪಕ್ಕದಲ್ಲೇ, ಒಂದೇ ಪೊಟ್ಟಣದೊಳಗೆ ಸೇರಿಹೋಯ್ತು. ಆಗ ಹೆಚ್ಚಿನ 8 ಜಿಬಿಗೆ ಆ್ಯಪಲ್ ಕೇಳಿದ್ದು 200 ಡಾಲರ್. ಅದೇ ಹೊತ್ತಿಗೆ ಮಾಮೂಲಿ 8 ಜಿಬಿ ರ್‍ಯಾಮ್ ಕಡ್ಡಿ ಮಾರುಕಟ್ಟೆಯಲ್ಲಿ 50 ಡಾಲರಿಗೂ ಕಡಿಮೆ. 2024ರಲ್ಲೂ ಹೆಚ್ಚಿನ 8 ಜಿಬಿಗೆ ಅದೇ 200 ಡಾಲರ್. 2019ರ ಮ್ಯಾಕ್ ಪ್ರೊ ನೆನಪಿಸಿಕೊಳ್ಳಿ. ಡಬ್ಬಿಗೆ ನಾಲ್ಕು ಚಕ್ರ ಬೇಕು ಅಂದ್ರೆ 400 ಡಾಲರ್ ಹೆಚ್ಚುವರಿ! ಆದರೆ ಅದರಲ್ಲಿ ರ್‍ಯಾಮ್ ಸ್ಲಾಟ್ ಇದ್ದವು, ಹೊರಗಿಂದ ತಂದು ಹಾಕಬಹುದಿತ್ತು. 2023ರ ಮ್ಯಾಕ್ ಪ್ರೊದಲ್ಲಿ ಅದೂ ಇಲ್ಲ.

ನ್ಯಾಯವಾಗಿ ಇನ್ನೊಂದು ಮಾತು ಹೇಳಲೇಬೇಕು. ಮೆಮೊರಿ ಪ್ರೊಸೆಸರ್‌ಗೆ ಹತ್ತಿರ ಇದ್ದಷ್ಟೂ ವೇಗ ಹೆಚ್ಚು, ಕರೆಂಟ್ ಕಡಿಮೆ. ಇದು ಸುಳ್ಳಲ್ಲ. ರಿಪೇರಿ ಮಾಡೋಕೆ ಸುಲಭ ಇರಬೇಕು ಅಂತಲೇ ಹೆಸರು ಮಾಡಿದ ಫ್ರೇಮ್‌ವರ್ಕ್ ಕಂಪನಿ ಕೂಡ 2025ರಲ್ಲಿ ತನ್ನ ಡೆಸ್ಕ್‌ಟಾಪ್ ಪ್ರಕಟಿಸಿದಾಗ, ಆ ಪ್ರೊಸೆಸರ್‌ನ ವೇಗಕ್ಕೆ ಬೇರೆ ದಾರಿ ಇಲ್ಲ ಅಂತ ಮೆಮೊರಿಯನ್ನು ಬೆಸುಗೆ ಹಾಕಿಯೇ ಕೊಟ್ಟಿತು. ಹಾಗಾಗಿ ಬೆಸುಗೆ ಹಾಕಿದವರೆಲ್ಲ ಕಳ್ಳರು ಅಂತ ನಾನು ಹೇಳಲ್ಲ. ಆದರೆ ಬೆಸುಗೆ ಯಾಕೆ ಅನ್ನೋದಕ್ಕೆ ವಿಜ್ಞಾನ ಉತ್ತರ ಕೊಡುತ್ತೆ, ರೇಟು ಯಾಕೆ ಅನ್ನೋದಕ್ಕೆ ಕೊಡಲ್ಲ. ಅದಕ್ಕೆ ಉತ್ತರ ಮಲ್ಟಿಪ್ಲೆಕ್ಸ್ ಪಾಪ್‌ಕಾರ್ನ್ ಕೌಂಟರ್‌ನಲ್ಲಿದೆ. ಹೊರಗಿನ ತಿಂಡಿ ಒಳಗೆ ಬಿಡಲ್ಲ ಅಂದ ಮೇಲೆ ಪಾಪ್‌ಕಾರ್ನಿಗೆ ಅವರು ಹೇಳಿದ್ದೇ ರೇಟು.

ಇದರ ಬಿಸಿ ತಟ್ಟೋದು ಯಾರಿಗೆ? ದೊಡ್ಡ ಕಂಪನಿಗಲ್ಲ. ಸಾಲ ಮಾಡಿ ಎಡಿಟಿಂಗ್ ಸ್ಟುಡಿಯೋ ಇಟ್ಟ ಹುಡುಗನಿಗೆ, ಹೋಬಳಿಯಲ್ಲಿ ಡಿಟಿಪಿ ಅಂಗಡಿ ನಡೆಸೋ ಹೆಣ್ಣುಮಗಳಿಗೆ, ಇಂಜಿನಿಯರಿಂಗ್ ಸೇರಿದ ಮಕ್ಕಳ ಅಪ್ಪ ಅಮ್ಮನಿಗೆ. ಐದು ವರ್ಷ ಆದ ಮೇಲೆ ಎಷ್ಟು ಮೆಮೊರಿ ಬೇಕಾಗುತ್ತೆ ಅಂತ ಅವರು ಇವತ್ತೇ ಜ್ಯೋತಿಷ್ಯ ಹೇಳಬೇಕು. ಕಡಿಮೆ ತಗೊಂಡ್ರೆ ಚೆನ್ನಾಗಿರೋ ಯಂತ್ರ ಬೇಗ ಮೂಲೆ ಸೇರುತ್ತೆ. ಹೆಚ್ಚು ತಗೊಂಡ್ರೆ ಬೇಕೋ ಬೇಡವೋ ಗೊತ್ತಿಲ್ಲದ್ದಕ್ಕೆ ಇವತ್ತೇ ಬಡ್ಡಿ ಕಟ್ಟಬೇಕು.

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿತು. ಒಳ್ಳೇದು. ನನ್ನ ಪ್ರಕಾರ ಅದಕ್ಕೆ ಅಪ್‌ಗ್ರೇಡ್ ಹಕ್ಕೂ ಸೇರಬೇಕು. ಕನಿಷ್ಠ, ಯಾವುದು ಮುಂದೆ ಬದಲಾಯಿಸೋಕೆ ಆಗುತ್ತೆ, ಯಾವುದು ಆಗಲ್ಲ ಅಂತ ಡಬ್ಬಿಯ ಮೇಲೆ ಕನ್ನಡದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಲಿ.

ಅಲ್ಲಿಯವರೆಗೆ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಮೆಮೊರಿ ಸಾಕೆಟ್‌ನಲ್ಲಿದೆಯಾ, ಬೆಸುಗೆ ಹಾಕಿದ್ದಾ? ಸ್ಟೋರೇಜ್‌ಗೆ ಎಲ್ಲಾ ಕಡೆ ಸಿಗೋ ಎಂ.2 ಕಾರ್ಡ್ ಹಾಕಬಹುದಾ? ನಾನೇ ಬಿಚ್ಚಿ ಹಾಕಿದ್ರೆ ವಾರಂಟಿ ಉಳಿಯುತ್ತಾ? ಸಾಕೆಟ್ ಇದ್ರೆ ಕಡಿಮೆಯದ್ದು ತಗೊಂಡು, ಬೇಕಾದಾಗ ಹೊರಗಿಂದ ಹಾಕಿಸಿ. ಬೆಸುಗೆ ಆಗಿದ್ರೆ ಇರೋ ದುಡ್ಡನ್ನು ಮೊದಲು ಮೆಮೊರಿಗೆ ಹಾಕಿ. ಬೀರು ಚಿಕ್ಕದಾದ್ರೆ ಹೊರಗಿನ ಯುಎಸ್‌ಬಿ ಡ್ರೈವ್ ಚುಚ್ಚಿಕೊಂಡು ಸುಧಾರಿಸಬಹುದು. ಮೇಜು ಚಿಕ್ಕದಾದ್ರೆ ಹೊರಗಿಂದ ತಂದು ಜೋಡಿಸೋಕೆ ಆಗಲ್ಲ.