ಪದ್ಮಿನಿ ಮಾರೂದೋ, ಹೊಡೆಯೂದೋ

ಕೊಲ್ಲಾಪುರದಾವ್ರು ಒಬ್ಬರು ಬಂದು ನಮ್ಮ ಪದ್ಮಿನಿ ನೋಡಿ ಹೋಗ್ಯಾರ. ಬಣ್ಣ ಮೊದಲಿಂದ, ಸೀಟಿನ ರೆಕ್ಸಿನ್ ಸೈತ ಹರದಿಲ್ಲ. "ಎಷ್ಟ ಕೊಡ್ಲಿ ಹೇಳ್ರಿ" ಅಂದ್ರು. ಅವ್ವ ಎದ್ದು ಒಳಗ ಹೋದ್ಳು.

ಅಪ್ಪ ಇದನ್ನ ನಿಪ್ಪಾಣಿ ತಂಬಾಕದ ರೊಕ್ಕದಾಗ ತಗೊಂಡಿದ್ದ. ಆಗ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಇಟಲಿಯ ಫಿಯಟ್ 1100 ಗಾಡೀನ ಮುಂಬಯಿ ಕುರ್ಲಾದಾಗ ಪ್ರೀಮಿಯರ್ ಕಂಪನಿ ಮಾಡತಿತ್ತು. 1974ರಿಂದ ಅದಕ್ಕ ಪದ್ಮಿನಿ ಅಂತ ಹೆಸರು. 1983ಕ್ಕ ಮಾರುತಿ ಬಂತು, ಇದರ ದೌಲತ್ತು ಇಳೀತು. ಸ್ಟೇರಿಂಗ್ ಬಾಜೂಕಿನ ಗೇರು ನನ್ನ ಮಗಗ ಇನ್ನೂ ತಿಳಿದಿಲ್ಲ!

ಅಪ್ಪ ಹೋದ ಮ್ಯಾಲೆ ಆರು ವರ್ಷ ಶೆಡ್ಡಿನಾಗ ಮುಚ್ಚಿಟ್ಟಿದ್ವಿ, ಹಾಳಾಗಬಾರದಂತ. ಹಾಳಾಗಿದ್ದು ಅಲ್ಲೇ. ಬ್ರೇಕಿನ ರಬ್ಬರ್ ಬಿರುಸಾಗಿತ್ತು, ಟಾಕಿಯೊಳಗಿನ ಪೆಟ್ರೋಲ್ ನಾರತಿತ್ತು, ಇಲಿ ವಾಯರ್ ಕಡದಿದ್ವು. ಎಲ್ಲಾ ಸುದ್ದ ಮಾಡಿದ ಚಿಕ್ಕೋಡಿ ಮಿಸ್ತ್ರಿ, "ಹೊಡದ್ರ ಗಾಡಿ ಉಳಿತೈತ್ರೀ" ಅಂತ ಬೈದಾ.

ಮಾರಿದ್ರ ಮಗಳ ಕಾಲೇಜ್ ಫೀಜು ಹಗರಾಕ್ಕಿತ್ತು, ಸುಳ್ಳ ಯಾಕ ಹೇಳ್ಲಿ. ಆದ್ರ ಅವ್ರು ಅದನ್ನ ಹಾಲಿನಾಗ ನಿಲ್ಲಸ್ತಾರಂತ, ಹೊಡ್ಯಾಂಗಿಲ್ಲಂತ. ಇದೊಂದು ಮಾತು ನನಗ ಸೇರಲಿಲ್ಲ. ಬ್ಯಾಡಂತ ಫೋನ್ ಮಾಡಿ ಹೇಳಿದೆ.

ಹ್ವಾದ ಐತಾರ ಅವ್ವನ್ನ ಕುಂಡ್ರಿಸಿಕೊಂಡು ಚಿಂಚಲಿ ಮಾಯಕ್ಕಗ ಹೊಂಟ್ವಿ. ರಾಯಬಾಗ ದಾಟೂದ್ರಾಗ ಕಬ್ಬಿನ ಟ್ರ್ಯಾಕ್ಟರ್ ಸವರಿ ಬಾಗಲಕ ಗೀರು ಬಿತ್ತು. ಅವ್ವ ಇಳದು ಸೆರಗಿಲೆ ಒರಸಿ ನೋಡಿದ್ಳು. ಮತ್ತ ಹತ್ತಿ ಕುಂತು, "ನಡಿ, ಹೊತ್ತಾಕ್ಕತಿ" ಅಂದ್ಳು.