ಸೇವೆ, ವೃತ್ತಿ, ಸ್ತ್ರೀ: ಪಂಡಿತಾ ರಮಾಬಾಯಿಯವರ ನಿದರ್ಶನ

ಭಾರತದಲ್ಲಿ ಸಮಾಜಕಾರ್ಯದ ಚರಿತ್ರೆಯನ್ನು ನಿರೂಪಿಸುವಾಗ, 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯನ್ನು ಮೊದಲ ಮೈಲಿಗಲ್ಲೆಂದು ಗುರುತಿಸುವುದು ವಾಡಿಕೆ. ವೃತ್ತಿಶಿಕ್ಷಣದ ದೃಷ್ಟಿಯಿಂದ ಇದು ಯುಕ್ತವೇ. ಆದರೆ ಅದಕ್ಕೂ ಹಿಂದಿನದನ್ನೆಲ್ಲ ‘ಸೇವೆ’, ‘ದಾನ’ ಎಂಬ ಮಾತುಗಳಲ್ಲಿ ಮುಗಿಸಿಬಿಟ್ಟರೆ ಸ್ತ್ರೀಯರು ಕಟ್ಟಿದ ಕೆಲಸದ ಬಹುಭಾಗ ಚರಿತ್ರೆಯ ಹೊರಗುಳಿಯುತ್ತದೆ. ಪಂಡಿತಾ ರಮಾಬಾಯಿಯವರ ನಿದರ್ಶನದಿಂದ ಇದನ್ನು ಪರಿಶೀಲಿಸಬಯಸುತ್ತೇವೆ.

ರಮಾಬಾಯಿ ಜನಿಸಿದ್ದು 1858ರಲ್ಲಿ, ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಪತ್ನಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ವಿರೋಧವನ್ನು ಎದುರಿಸಿದವರು. ಕ್ಷಾಮಕಾಲದ ಅಲೆದಾಟದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಈ ಮಗಳು ಹಸಿವನ್ನು ಸ್ವತಃ ಬಲ್ಲವರಾಗಿದ್ದರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಅವರು ಒತ್ತಾಯಿಸಿದ್ದು ತರಬೇತಿ ಪಡೆದ ಶಿಕ್ಷಕಿಯರಿಗಾಗಿ, ಸ್ತ್ರೀವೈದ್ಯರಿಗಾಗಿ. ಪರಿಹಾರಕ್ಕೆ ಶಿಕ್ಷಿತ ಕೈಗಳು ಬೇಕೆಂಬ ಈ ತಿಳಿವಳಿಕೆಯೇ ಆಧುನಿಕ ಸಮಾಜಕಾರ್ಯದ ಬೀಜ.

1889ರಲ್ಲಿ ಮುಂಬಯಿಯಲ್ಲಿ ಅವರು ತೆರೆದ ಶಾರದಾಸದನ ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ವಿಧವೆಯರಿಗೆ ಅಲ್ಲಿ ಆಶ್ರಯದೊಡನೆ ವಿದ್ಯೆಯೂ ದೊರೆಯಿತು. ರಮಾಬಾಯಿ 1883ರಲ್ಲೇ ಕ್ರೈಸ್ತಧರ್ಮವನ್ನು ಸ್ವೀಕರಿಸಿದ್ದರು. ಮತಾಂತರದ ವಿವಾದವೆದ್ದಾಗ, 1893ರಲ್ಲಿ ಸದನದ ಹಿಂದೂ ಸಲಹೆಗಾರರು ದೂರ ಸರಿದರು. ಆದರೂ ಕೆಲಸ ನಿಲ್ಲಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ ಕರೆತಂದ ನೂರಾರು ಹೆಣ್ಣುಮಕ್ಕಳಿಗೆ ಪುಣೆಯ ಸಮೀಪದ ಕೇಡಗಾಂವಿನಲ್ಲಿ ನೆಲೆ ಕಲ್ಪಿಸಿದರು. ನೇಯ್ಗೆ, ಮುದ್ರಣ, ಕೃಷಿಗಳಲ್ಲಿ ಅವರಿಗೆ ತರಬೇತಿ ದೊರೆಯಿತು. ಇಂದು ನಾವು ‘ಪುನರ್ವಸತಿ’ ಎನ್ನುವ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಅರ್ಥ ಬೇಕಿಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹ. ಶಾರದಾಸದನದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ವಿವಾಹವಾಗಿ ಆನಂದೀಬಾಯಿ ಎನಿಸಿಕೊಂಡರು. 1896ರಲ್ಲಿ ವಿಧವಾಶ್ರಮದ ಕಾರ್ಯ ಆರಂಭಿಸಿದ ಕರ್ವೆಯವರಿಗೆ 1958ರಲ್ಲಿ ಭಾರತರತ್ನ ಸಂದಿತು. ಆ ಗೌರವಕ್ಕೆ ಅವರು ಸರ್ವಥಾ ಅರ್ಹರು. ಆದರೆ ಆ ಕಾರ್ಯಕ್ಕೆ ಹೆಗಲು ಕೊಟ್ಟ ಆನಂದೀಬಾಯಿ ಚರಿತ್ರೆಯಲ್ಲಿ ಬಹುಮಟ್ಟಿಗೆ ‘ಪತ್ನಿ’ಯಾಗಿಯೇ ಉಳಿದರು. ಪುರುಷನ ದುಡಿಮೆ ಸಂಸ್ಥಾಪನೆಯೆನಿಸಿದಲ್ಲಿ ಸ್ತ್ರೀಯ ದುಡಿಮೆ ಸ್ವಭಾವವೆನಿಸಿತು. ಸ್ವಭಾವಕ್ಕೆ ಸಂಬಳವೂ ಇಲ್ಲ, ದಾಖಲೆಯೂ ಇಲ್ಲ.

ಆದುದರಿಂದ ಸಮಾಜಕಾರ್ಯದ ಚರಿತ್ರೆಯನ್ನು ಪದವಿಗಳಿಂದ ಮಾತ್ರವಲ್ಲದೆ ಕೆಲಸದ ಕ್ರಮದಿಂದಲೂ ಅಳೆಯಬೇಕೆಂಬುದು ನಮ್ಮ ನಿಲುವು. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಅಧ್ಯಯನ ದೂರದ್ದಲ್ಲ. ಗಂಗಾಮೂಲದಿಂದ ಕೇಡಗಾಂವಿನವರೆಗಿನ ದಾರಿ ಅವರ ಚರಿತ್ರೆಯ ಭಾಗವೂ ಹೌದು.